ಪಾರ್ಸಲ್ ಬಿಚ್ಚಿದ ಮೇಲೆ ನೀವೆಲ್ಲ ಕೇಳೋದು: ನಮ್ಮ ಪೇಪರ್, ರಟ್ಟು, ಪ್ಯಾಕಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಶಿರಸಿ ಹತ್ರದ ಹಳ್ಳಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡೆದೇವು, ಮುರುಗಲ ಸಿಪ್ಪೆ, ಜೋನಿಬೆಲ್ಲ ಇಂಥದ್ದೆಲ್ಲ ಕೊರಿಯರ್ ಮಾಡ್ತೇವೆ. ರುಚಿ ಬಗ್ಗೆ ಬರೋ ಮೆಸೇಜಿಗಿಂತ ಪ್ಯಾಕಿಂಗ್ ಬಗ್ಗೆ ಬರೋ ಮೆಸೇಜೇ ಜಾಸ್ತಿ ಮಾರಾಯ್ರೆ. ಅರ್ಧ ಜನ "ಇಷ್ಟೆಲ್ಲ ಪ್ಲಾಸ್ಟಿಕ್ ಎಂತಕ್ಕೆ" ಅಂತಾರೆ, ಇನ್ನರ್ಧ ಜನ "ಎಣ್ಣೆ ಸೋರಿದೆ, ಇನ್ನೊಂದು ಕವರ್ ಹಾಕ್ಬಾರ್ದಾ" ಅಂತಾರೆ, ಇಬ್ಬರೂ ಹೇಳೋದು ಸರಿಯೇ. ಒಬ್ಬೊಬ್ಬರಿಗೆ ವಾಟ್ಸಾಪಲ್ಲಿ ಟೈಪ್ ಮಾಡಿ ಮಾಡಿ ಬೆರಳು ನೋವು ಬಂತು, ಅದಕ್ಕೇ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಪ್ಲಾಸ್ಟಿಕ್ ಪೂರ್ತಿ ಬಿಟ್ಟು ಎಲ್ಲದಕ್ಕೂ ಪೇಪರೇ ಹಾಕ್ಬಹುದಲ್ಲ?

ಶುರುವಲ್ಲಿ ನಾವೂ ಹಾಗೇ ಅಂದ್ಕೊಂಡಿದ್ವಿ. ಪೇಪರ್ ಅಂದ್ರೆ ಮರದಿಂದ ಬಂದಿದ್ದು, ಮಣ್ಣಿಗೆ ಹೋಗ್ತದೆ, ಪಾಪ ಇಲ್ಲ ಅಂತ. ಆದ್ರೆ ಪೇಪರ್ ಆಗೋದು ಹೇಗೆ ಅಂತ ಸ್ವಲ್ಪ ತಿಳ್ಕೊಂಡ್ರೆ ಆ ಭ್ರಮೆ ಬಿಡ್ತದೆ. ಕೆಮಿಕಲ್ ಹಾಕಿ ಬೇಯಿಸಿ ಪಲ್ಪ್ (ಪೇಪರಿಗೆ ಬೇಕಾದ ನಾರಿನ ಮುದ್ದೆ) ಮಾಡೋ ರೀತಿಯಲ್ಲಿ ಒಣ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ಮಾತ್ರ ನಾರಾಗಿ ಸಿಗ್ತದೆ, ಉಳಿದ ಅರ್ಧ ಕಪ್ಪು ದ್ರವ ಆಗಿ ಮಿಲ್ಲಿನ ಬಾಯ್ಲರಿಗೇ ಉರುವಲು. ಎ4 ಹಾಳೆ ಒಂದು 5 ಗ್ರಾಂ, 500 ಹಾಳೆಯ ಬಂಡಲ್ ಎರಡೂವರೆ ಕೆಜಿ, ಅಂದ್ರೆ ಅದರ ಹಿಂದೆ ಸುಮಾರು 5 ಕೆಜಿ ಒಣ ಮರ ಇದೆ ಅಂತ ಲೆಕ್ಕ ಹಾಕ್ಕೊಳ್ಳಿ, ಮೇಲಿಂದ ನೀರು, ಕರೆಂಟು, ಬಿಳಿ ಮಾಡೋ ಕೆಮಿಕಲ್ಲು.

ಇಂಗ್ಲೆಂಡಿನ ಪರಿಸರ ಇಲಾಖೆ 2011ರಲ್ಲಿ ಅಂಗಡಿ ಚೀಲಗಳ ಮೇಲೊಂದು ಅಧ್ಯಯನ ಹೊರಗೆ ತಂದಿತ್ತು. ಒಂದೇ ಸಲ ಬಳಸಿ ಬಿಸಾಡೋ ತೆಳು ಪ್ಲಾಸ್ಟಿಕ್ ಕವರಿನಷ್ಟೇ ಹವಾಮಾನದ ಮೇಲೆ ಪರಿಣಾಮ ಇರ್ಬೇಕು ಅಂದ್ರೆ ಪೇಪರ್ ಚೀಲ 3 ಸಲ ಬಳಸ್ಬೇಕು, ಹತ್ತಿ ಬಟ್ಟೆ ಚೀಲ 131 ಸಲ. ವಾರಕ್ಕೊಮ್ಮೆ ಸಂತೆಗೆ ಒಯ್ದ್ರೆ 131 ಸಲ ಅಂದ್ರೆ ಎರಡೂವರೆ ವರ್ಷ. ಹಂಗಂತ ಪ್ಲಾಸ್ಟಿಕ್ಕೇ ಒಳ್ಳೇದು ಅಂತ ನಾನು ಹೇಳ್ತಾ ಇಲ್ಲ, ಆ ಲೆಕ್ಕದಲ್ಲಿ ಹೊಳೆಗೆ ಹೋಗಿ ಸಿಕ್ಕಿಬೀಳೋ ಕವರಿನ ಕತೆ ಇಲ್ಲ. ನಮ್ಮ ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟೋ ಅಘನಾಶಿನಿ ಎಲ್ಲೂ ದೊಡ್ಡ ಅಣೆಕಟ್ಟಿಲ್ಲದೆ ಸೀದಾ ಕುಮಟಾ ತಾಲೂಕಿನ ಅಳಿವೆಗೆ ಇಳೀತದೆ, ಇಲ್ಲಿ ಗಟಾರಕ್ಕೆ ಎಸೆದ ಕವರ್ ಮಳೆಗಾಲದಲ್ಲಿ ಅಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರ ಬುಟ್ಟಿಗೆ ಬರ್ತದೆ. ಆ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿದೆ.

ಹಾಗಾಗಿ ನಾವು ಕೇಳ್ಕೊಳ್ಳೋ ಪ್ರಶ್ನೆ "ಪೇಪರಾ ಪ್ಲಾಸ್ಟಿಕ್ಕಾ" ಅಂತ ಅಲ್ಲ. ಇದು ಬೇಕೇ ಬೇಕಾ, ಬೇಕಾದ್ರೆ ಎಷ್ಟು ಸಣ್ಣದ್ರಲ್ಲಿ ಆಗ್ತದೆ, ಇನ್ನೆಷ್ಟು ಸಲ ತಿರುಗ್ತದೆ, ಅಷ್ಟೇ.

ಹಾಗಾದ್ರೆ ತೊಡೆದೇವಿಗೆ ಮಾತ್ರ ಎಂತಕ್ಕೆ ಅಷ್ಟು ಪ್ಯಾಕಿಂಗ್?

ತೊಡೆದೇವು ಮಾಡೋದು ನೋಡಿದವ್ರು ಈ ಪ್ರಶ್ನೆ ಕೇಳಲ್ಲ. ಒಲೆ ಮೇಲೆ ಕವುಚಿಟ್ಟ ಮಡಿಕೆ, ಅದರ ಬೆನ್ನಿಗೆ ಕಬ್ಬಿನ ಹಾಲು ಅಕ್ಕಿ ಹಿಟ್ಟಿನ ತೆಳು ಹಿಟ್ಟು ಬಟ್ಟೆಯಲ್ಲಿ ಸವರಿ, ಆರೋದ್ರೊಳಗೆ ಎಬ್ಬಿಸಿ ಮಡಚ್ಬೇಕು. ಎಬ್ಬಿಸಿದ್ದು ಟಿಶ್ಯೂ ಪೇಪರಿಗಿಂತ ಸ್ವಲ್ಪ ದಪ್ಪ ಇರ್ತದೆ ಅಷ್ಟೇ. ಮುಟ್ಟಿದ್ರೆ ಪುಡಿ. ಗಾಳಿಯಲ್ಲಿ ಪಸೆ ಇದ್ರೆ ಅರ್ಧ ಗಂಟೆಯಲ್ಲಿ ಮೆತ್ತಗಾಗಿ ಒಂದಕ್ಕೊಂದು ಅಂಟಿ ಬೆಲ್ಲದ ಮುದ್ದೆ ಆಗ್ತದೆ.

ಒಂದು ಸಲ ಹುಮ್ಮಸ್ಸಲ್ಲಿ ಬಟರ್ ಪೇಪರಲ್ಲಿ ಸುತ್ತಿ, ರಟ್ಟಿನ ಡಬ್ಬಿಗೆ ಹಾಕಿ ಜುಲೈಯಲ್ಲಿ ಕಳಿಸಿದ್ವಿ. 12 ಪಾರ್ಸಲಲ್ಲಿ 9 ವಾಪಸ್ ಬಂತು, ಉಳಿದ ಮೂವರು ಮರ್ಯಾದೆಗೆ ಸುಮ್ನಿದ್ರು ಅನ್ಸ್ತದೆ. ಅದನ್ನ ಮಾಡೋಕೆ ಸುಟ್ಟ ಕಟ್ಟಿಗೆ, ನಮ್ಮ ಅತ್ತಿಗೆಯ ಎರಡು ದಿನದ ಸೊಂಟ ನೋವು, ಕೊರಿಯರ್ ಗಾಡಿಯ ಡೀಸೆಲ್ಲು ಎಲ್ಲ ದಂಡ. ಒಳಗಿನ ತಿಂಡಿ ಹಾಳಾದ್ರೆ ಆಗೋ ನಷ್ಟ 8 ಗ್ರಾಂ ಪ್ಲಾಸ್ಟಿಕ್ ಉಳಿಸಿದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆವತ್ತಿಂದ ತೊಡೆದೇವಿಗೆ ಒಂದೇ ಸೀಲ್ ಮಾಡಿದ ಕವರ್, ಹೊರಗೆ ಗಟ್ಟಿ ರಟ್ಟು. ಮೊದಲು ಎರಡೆರಡು ತೊಡೆದೇವಿಗೆ ಒಂದೊಂದು ಸಣ್ಣ ಕವರ್ ಹಾಕ್ತಿದ್ವಿ ನೋಡಿ, ಅದು ನಿಲ್ಸಿದ್ದೇವೆ. ಜೂನಿಂದ ಸೆಪ್ಟೆಂಬರ್ ಮಧ್ಯದವರೆಗೆ ತೊಡೆದೇವು ಆರ್ಡರ್ ತಗೊಳ್ಳೋದೇ ಇಲ್ಲ, ದಯವಿಟ್ಟು ಬೈಬೇಡಿ.

ಬಾಕ್ಸ್ ಮೇಲೆ ಯಾವ್ದೋ ಬಿಸ್ಕಿಟ್, ಸೋಪಿನ ಹೆಸರಿತ್ತು. ಹಳೇ ಬಾಕ್ಸಾ?

ಹೌದು, ಹಳೇದೇ. ಪೇಟೆಯ ಕಿರಾಣಿ ಅಂಗಡಿ, ಮೆಡಿಕಲ್ ಶಾಪಿಂದ ತರ್ತೇವೆ. ಗೊಬ್ಬರ, ಗಿಡಕ್ಕೆ ಹೊಡೆಯೋ ಔಷಧಿಯ ಡಬ್ಬ, ಫಿನಾಯಿಲ್ ವಾಸನೆ ಬರೋದು ಮುಟ್ಟಲ್ಲ. ಒಳಗಿನ ಸಾಮಾನು ಬೇರೆ ಸೀಲ್ ಆಗಿರ್ತದೆ, ಬಾಕ್ಸಿಗೂ ಊಟದ ವಸ್ತುವಿಗೂ ಸಂಪರ್ಕ ಇಲ್ಲ.

ಹಳೇ ಬಾಕ್ಸಿನ ತೊಂದರೆ ಒಂದೇ, ಸೈಜು. ಕೊರಿಯರಿನವರು ಬರೀ ತೂಕ ನೋಡಲ್ಲ, ಉದ್ದ ಅಗಲ ಎತ್ತರ ಸೆಂಟಿಮೀಟರಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸ್ತಾರೆ, ಎರಡರಲ್ಲಿ ಯಾವ್ದು ಜಾಸ್ತಿಯೋ ಅದಕ್ಕೆ ದುಡ್ಡು. 2 ಕೆಜಿ ಹಪ್ಪಳ 30 ಸೆಂಟಿಮೀಟರಿನ ಚೌಕ ಬಾಕ್ಸಿಗೆ ಹಾಕಿದ್ರೆ ಬಿಲ್ಲು 5.4 ಕೆಜಿಗೆ, ಅದೇ 20 ಸೆಂಟಿಮೀಟರಿನದ್ದಕ್ಕೆ ಹಿಡಿಸಿದ್ರೆ ಬರೀ 2 ಕೆಜಿಗೆ. ಖಾಲಿ ಗಾಳಿಗೂ ಬಾಡಿಗೆ ಕೊಟ್ಟ ಹಾಗೆ. ಗಾಳಿ ತುಂಬಿದ ಜಾಗಕ್ಕೆ ಮತ್ತೆ ಪೇಪರ್ ತುರುಕ್ಬೇಕು, ಅದೂ ದಂಡ. ಈಗ ನಮ್ಮ ಭಾವ ದೊಡ್ಡ ಬಾಕ್ಸನ್ನ ಮೂಲೆಯಲ್ಲಿ ಕೊಯ್ದು, ಬೇಕಾದ ಎತ್ತರಕ್ಕೆ ಸ್ಕೇಲಿಟ್ಟು ಚಮಚದ ಹಿಡಿಯಿಂದ ಗೆರೆ ಎಳೆದು ಮಡಚ್ತಾರೆ. ಗೆರೆ ಎಳೀದೆ ಮಡಚಿದ್ರೆ ರಟ್ಟು ಎಲ್ಲಿ ಬೇಕಾದ್ರೂ ಮುರೀತದೆ, ಚಮಚ ಎಳೆದ್ರೆ ಹೊಸ ಬಾಕ್ಸಿನಷ್ಟೇ ನೆಟ್ಟಗೆ. ಬಾಟ್ಲಿಗೆ ಮಾತ್ರ 5 ಪ್ಲೈ (5 ಪದರದ ರಟ್ಟು) ಬೇಕು, ಹಪ್ಪಳಕ್ಕೆ 3 ಪ್ಲೈ ಸಾಕು.

ಒಂದು ಸಲ ನೆಂದ ರಟ್ಟು ಒಣಗಿಸಿದ್ರೂ ಮೊದಲಿನ ಗಟ್ಟಿ ಬರಲ್ಲ, ಬೂಷ್ಟಿನ ವಾಸನೆ ಬೇರೆ. ಅದಕ್ಕೇ ಬಾಕ್ಸೆಲ್ಲ ಅಟ್ಟದ ಮೇಲೆ, ಅಡುಗೆ ಮನೆ ಹೊಗೆ ತಾಗೋ ಕಡೆ ಇಡ್ತೇವೆ, ಹಾಗಾಗಿ ನಿಮ್ಮ ಬಾಕ್ಸಿಗೆ ಸ್ವಲ್ಪ ಹೊಗೆ ವಾಸನೆ ಇದ್ರೆ ಅದು ಫ್ರೀ.

ಕಂದು ಬಣ್ಣದ ಪೇಪರ್ ಅಂದ್ರೆ ರೀಸೈಕಲ್ ಪೇಪರ್ ಅಲ್ವಾ?

ಅಲ್ಲ. ಇದು ತುಂಬಾ ಜನ ಮೋಸ ಹೋಗೋ ಜಾಗ. ಕಂದು ಅಂದ್ರೆ ಬ್ಲೀಚ್ ಮಾಡಿಲ್ಲ ಅಂತ ಅರ್ಥ, ಹೊಸ ಮರದಿಂದ ಮಾಡಿದ ಕ್ರಾಫ್ಟ್ ಪೇಪರೂ ಕಂದೇ. ಪ್ಲಾಸ್ಟಿಕ್ ಪದರ ಹಾಕಿದ ಪೌಚಿನ ಮೇಲೆ ಕಂದು ಬಣ್ಣ ಪ್ರಿಂಟ್ ಮಾಡಿ ಹಸಿರು ಎಲೆ ಚಿತ್ರ ಹಾಕಿ ಮಾರೋದೂ ಉಂಟು. ಎಫ್‌ಎಸ್‌ಸಿ ಅಂತ ಪೇಪರಿನ ನಾರು ಎಲ್ಲಿಂದ ಬಂತು ಅಂತ ಹೇಳೋ ಗುರುತು ಇದ್ರೆ ಅದರ ಕೆಳಗೆ ಓದಿ, ನೂರು ಪರ್ಸೆಂಟ್, ಮಿಕ್ಸ್, ರೀಸೈಕಲ್ಡ್ ಅಂತ ಮೂರು ಬೇರೆ ಬೇರೆ ಇರ್ತದೆ.

ಒಂದು ಸುಲಭ ಪರೀಕ್ಷೆ ಹೇಳ್ತೇನೆ. ಮೂಲೆ ಹರಿದು ನೋಡಿ. ಬರೀ ಪೇಪರ್ ಆದ್ರೆ ಹರಿದ ಅಂಚಲ್ಲಿ ನಾರು ನಾರಾಗಿ ಕಾಣ್ತದೆ, ಪದರ ಇದ್ರೆ ಪೇಪರ್ ಹರಿದ ಮೇಲೂ ತೆಳು ಫಿಲ್ಮ್ ಎಳೀತಾ ಉಳೀತದೆ. ಮನೆಯಲ್ಲಿ ಬಂದ ಮದುವೆ ಕರೆಯೋಲೆಗಳನ್ನ ಹೀಗೆ ಹರಿದು ನೋಡಿ ಒಂದ್ಸಲ, ಎಷ್ಟು ಪಳಪಳ ಅಂತದೋ ಅಷ್ಟು ಫಿಲ್ಮ್. ಅವನ್ನ ರದ್ದಿ ಪೇಪರಿನ ಜೊತೆ ಹಾಕಿದ್ರೆ ಗುಜರಿಯವ ಆಚೆ ಎಸೀತಾನೆ.

ರೀಸೈಕಲ್ ಎಷ್ಟು ಸಲ ಆಗ್ತದೆ?

ಪೇಪರಿನ ನಾರು ಸುಮಾರು 5ರಿಂದ 7 ಸಲ. ಪ್ರತಿ ಸಲ ನೀರಲ್ಲಿ ಕಲಸಿ ರುಬ್ಬಿದಾಗ ನಾರು ತುಂಡಾಗ್ತಾ ಹೋಗಿ ಕೊನೆಗೆ ಮೊಟ್ಟೆ ಟ್ರೇ ಮಟ್ಟಕ್ಕೆ ಬರ್ತದೆ. ಹಾಗಾಗಿ ಎಲ್ಲೋ ಒಂದು ಕಡೆ ಹೊಸ ನಾರು ಸೇರಿಸ್ಲೇಬೇಕು. ಎಣ್ಣೆ ಹತ್ತಿದ್ದು, ಮೇಣ ಹಚ್ಚಿದ್ದು, ಎಟಿಎಂ ಮತ್ತೆ ಅಂಗಡಿಯ ನುಣುಪು ರಸೀದಿ ಇವೆಲ್ಲ ಆ ರಾಶಿಗೆ ಬೇಡ.

ಬಬಲ್ ರ‍್ಯಾಪ್ ಬದಲು ಹುಲ್ಲು, ಒಣ ಬಾಳೆ ಎಲೆ ಹಾಕಿ ಅಂತ ಎಷ್ಟು ಸಲ ಹೇಳ್ಬೇಕು?

ಹಾಕಿದ್ದೇವೆ ಅಕ್ಕ. ಕೇಳಿ ಕತೆ. ಸುಗ್ಗಿ ಮುಗಿದ ಮೇಲೆ ಗದ್ದೆಯಲ್ಲಿ ಹುಲ್ಲು ಬೇಕಾದಷ್ಟು, ಹಿಂದೆ ಬಳೆ ಮಾರುವವರು, ಗಾಜಿನ ಸಾಮಾನಿನವರು ಎಲ್ಲ ಹುಲ್ಲಲ್ಲೇ ಸುತ್ತಿ ತರ್ತಿದ್ರಲ್ಲ, ನಮಗೇನು ದಾಡಿ ಅಂತ ನಾಲ್ಕು ಬಾಟ್ಲಿ ಉಪ್ಪಿನಕಾಯಿ ಹುಲ್ಲಲ್ಲಿ ಕೂರಿಸಿ ಧಾರವಾಡಕ್ಕೆ ಕಳಿಸಿದ್ವಿ. ಹುಲ್ಲು ಒಣಗಿದೆ ಅಂತ ನಮಗೆ ಅನ್ಸಿದ್ದು, ಅದು ಒಣಗಿರ್ಲಿಲ್ಲ. ದಾರಿಯಲ್ಲಿ ಎಲ್ಲೋ ಗೋಡೌನಲ್ಲಿ ನಾಲ್ಕು ದಿನ ಬಿತ್ತು. ಅವರು ಕಳಿಸಿದ ಫೋಟೋದಲ್ಲಿ ಬಾಟ್ಲಿ ಒಂದೂ ಒಡೆದಿಲ್ಲ, ಆದ್ರೆ ಬಾಕ್ಸ್ ತುಂಬ ಬಿಳಿ ಬೂಷ್ಟು, ಮುಚ್ಚಳದ ಮೇಲೆ ಒಂದು ಹುಳ ಆರಾಮಾಗಿ ಕೂತಿದೆ. ಪಾಪ ಅವರು ಬೈಲೂ ಇಲ್ಲ, "ಇದು ಯಾವ ಹುಳ" ಅಂತ ಮಾತ್ರ ಕೇಳಿದ್ರು.

ಈಗ ಬೇಸಿಗೆಯಲ್ಲಿ ಚೆನ್ನಾಗಿ ಬಿಸಿಲಿಗೆ ಹಾಕಿದ ಬಾಳೆ ಎಲೆ ಸ್ವಲ್ಪ ಹಾಕ್ತೇವೆ, ಅದೂ ಹತ್ತಿರದ ಊರಿಗೆ ಮಾತ್ರ. ಮಳೆಗಾಲದಲ್ಲಿ ಹರಿದ ಹಳೇ ಬಾಕ್ಸನ್ನೇ ಬೆರಳಗಲ ಪಟ್ಟಿ ಮಾಡಿ, ಸ್ವಲ್ಪ ಮುದುಡಿ ತುಂಬ್ತೇವೆ. ಎಲ್ಲಕ್ಕಿಂತ ಚೆನ್ನಾಗಿ ತಡೆಯೋದು ಇದೇ, ಬಾಟ್ಲಿ ಬಾಟ್ಲಿ ಮಧ್ಯೆ ಒಂದು ಅಡ್ಡ ರಟ್ಟು ನಿಲ್ಲಿಸಿದ್ರೆ ಬಬಲ್ ರ‍್ಯಾಪ್ ಬೇಡವೇ ಬೇಡ. ನಮಗೆ ಬಂದ ಪಾರ್ಸಲಿನ ಬಬಲ್ ರ‍್ಯಾಪ್ ಕೆಲವು ಸಲ ಮತ್ತೆ ಹಾಕ್ತೇವೆ, ಕಂಡ್ರೆ ಹೊಸದಾಗಿ ತಂದಿದ್ದು ಅಂತ ತಿಳ್ಕೊಬೇಡಿ.

ಟೇಪು?

ಕಂದು ಟೇಪು ಪ್ಲಾಸ್ಟಿಕ್ಕೇ. ಗೋಂದು ಹಚ್ಚಿದ ಪೇಪರ್ ಟೇಪಿಗೆ ಬದಲಾಗಿದ್ದೇವೆ, ನೀರು ಸವರಿ ಅಂಟಿಸೋದು. ರಟ್ಟಿನ ಜೊತೆನೇ ಗುಜರಿಗೆ ಹೋಗ್ತದೆ. ಮಳೆ ಜಾಸ್ತಿ ಇದ್ದಾಗ ಅದರ ಮೇಲೊಂದು ಸುತ್ತು ಸಾದಾ ಟೇಪು ಇರ್ತದೆ, ಅದನ್ನ ಕಿತ್ತು ಹಾಕಿ.

ಹಪ್ಪಳಕ್ಕೆ ನ್ಯೂಸ್ ಪೇಪರ್ ಸುತ್ತಬಹುದಲ್ಲ, ನಮ್ಮ ಅಜ್ಜಿ ಹಾಗೇ ಮಾಡ್ತಿದ್ರು.

ನಮ್ಮ ಅಜ್ಜಿಯೂ. ಆದ್ರೆ ತಿನ್ನೋ ವಸ್ತುವಿಗೆ ಪ್ರಿಂಟ್ ಆದ ನ್ಯೂಸ್ ಪೇಪರ್ ತಾಗಿಸ್ಬಾರ್ದು ಅಂತ 2018ರ ಆಹಾರ ಪ್ಯಾಕಿಂಗ್ ನಿಯಮದಲ್ಲೇ ಇದೆ, ಶಾಯಿ ಎಣ್ಣೆಗೆ ಇಳೀತದೆ. ಬಜ್ಜಿ, ಬನ್ಸ್ ಕಟ್ಟಿ ಕೊಡೋ ಅಂಗಡಿಯಲ್ಲಿ ಒಂದು ಬಾಳೆ ಎಲೆ ಚೂರು ಕೇಳಿ ತಗೊಳ್ಳಿ. ಬಾಟ್ಲಿಯ ಹೊರಗೆ ಸುತ್ತೋಕೆ ನ್ಯೂಸ್ ಪೇಪರ್ ತೊಂದರೆ ಇಲ್ಲ.

ಗಾಜಿನ ಬಾಟ್ಲಿ ಪರಿಸರಕ್ಕೆ ಒಳ್ಳೇದಲ್ವಾ, ಎಲ್ಲಾ ಉಪ್ಪಿನಕಾಯಿ ಗಾಜಿನಲ್ಲೇ ಯಾಕಿಲ್ಲ?

ಗಾಜು ವಾಪಸ್ ಬಂದ್ರೆ ಒಳ್ಳೇದು, ಬರದಿದ್ರೆ ಅಷ್ಟೇನೂ ಇಲ್ಲ. ಅರ್ಧ ಕೆಜಿ ಉಪ್ಪಿನಕಾಯಿಗೆ ಬಾಟ್ಲಿಯೇ ಕಾಲು ಕೆಜಿ ಮೇಲೆ, ಅದನ್ನ ಬೆಂಗಳೂರಿಗೆ ಲಾರಿಯಲ್ಲಿ ಹೊತ್ತು, ಮೊದಲು ಭಾರೀ ಬೆಂಕಿಯಲ್ಲಿ ಕರಗಿಸಿ ಮಾಡಿ, ಒಂದು ಸಲ ಬಳಸಿ ನೀವು ಎಸೆದ್ರೆ ಎಂತ ಬಂತು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಕಡೆಯವರಿಗೆ ಗಾಜು ಕೊಟ್ಟು 20 ರೂಪಾಯಿ ಡೆಪಾಸಿಟ್ ಇಟ್ಕೊಳ್ತೇವೆ. ದೂರದವರಿಗೆ ಪೌಚ್, ಮನೆಯಲ್ಲಿ ಭರಣಿಗೆ ಹಾಕ್ಕೊಳ್ಳಿ. ಅಪ್ಪೆಮಿಡಿ ಪೌಚಲ್ಲಿ ಬಂತು ಅಂತ ಬೇಜಾರಾಗ್ಬೇಡಿ, ಮಿಡಿಗೆ ಗೊತ್ತಾಗಲ್ಲ.

ಮನೆ ಕಾರ್ಯಕ್ರಮಕ್ಕೆ ಪೇಪರ್ ಪ್ಲೇಟ್ ತಗೊಳ್ಳಾ, ಹಾಳೆ ತಟ್ಟೆ ತಗೊಳ್ಳಾ?

ಹಾಳೆ ಅಂದ್ರೆ ನಮ್ಮಲ್ಲಿ ಎರಡು, ಬರೆಯೋದೊಂದು ಉಣ್ಣೋದೊಂದು. ಪೇಪರ್ ಪ್ಲೇಟಿನ, ಪೇಪರ್ ಕಪ್ಪಿನ ಒಳಗೆ ಪ್ಲಾಸ್ಟಿಕ್ ಪದರ ಇರ್ತದೆ, ಇಲ್ಲದಿದ್ರೆ ಚಾ ಸೋರಿ ಹೋಗ್ತಿತ್ತು. ಐಐಟಿ ಖರಗ್‌ಪುರದವರು 2020ರಲ್ಲಿ ಹೇಳಿದ ಪ್ರಕಾರ 100 ಎಂಎಲ್ ಬಿಸಿ ನೀರು 15 ನಿಮಿಷ ಪೇಪರ್ ಕಪ್ಪಲ್ಲಿ ಇದ್ರೆ ಸುಮಾರು 25,000 ಮೈಕ್ರೋಪ್ಲಾಸ್ಟಿಕ್ ಕಣ ನೀರಿಗೆ ಬಿಡ್ತದೆ. ಪರಿಸರಸ್ನೇಹಿ ಅಂತ ಬರೆದ ಪೇಪರ್ ಕಪ್ಪು ನೋಡಿದ್ರೆ ನನಗೆ ಸಿಟ್ಟೇ ಬರ್ತದೆ.

ಅಡಿಕೆ ಹಾಳೆ ತಟ್ಟೆ ತೋಟದಲ್ಲಿ ತಾನಾಗೇ ಬಿದ್ದದ್ದನ್ನ ತೊಳೆದು ಬಿಸಿ ಮಶೀನಲ್ಲಿ ಒತ್ತಿದ್ದು, ಬೇರೆ ಏನೂ ಸೇರಿಸಲ್ಲ. ಆದ್ರೆ ಮುಚ್ಚಿಡದೆ ಹೇಳ್ತೇನೆ, 2025ರಲ್ಲಿ ಅಮೆರಿಕದ ಎಫ್‌ಡಿಎ (ಅಲ್ಲಿನ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ) ಈ ತಟ್ಟೆಯಿಂದ ಅಡಿಕೆಯಲ್ಲಿರೋ ಆಲ್ಕಲಾಯ್ಡ್ ಅನ್ನೋ ರಾಸಾಯನಿಕ ಅಂಶ ಊಟಕ್ಕೆ ಇಳೀಬಹುದು ಅಂತ ಹೇಳಿ ಬೇಡ ಅಂದಿದೆ, ಅದರಿಂದ ಇಲ್ಲಿ ತಟ್ಟೆ ಮಾಡುವವರಿಗೆ ದೊಡ್ಡ ಪೆಟ್ಟು. ನಾವು ತಲೆತಲಾಂತರದಿಂದ ಹಾಳೆಯಲ್ಲಿ ಉಂಡವರು, ನನಗೆ ಭಯ ಇಲ್ಲ, ನಿಮ್ಮ ನಿರ್ಧಾರ ನಿಮ್ಮದು. ಬಾಳೆ ಎಲೆ ಸಿಗೋ ಊರಲ್ಲಿ ಈ ಪ್ರಶ್ನೆಯೇ ಬರ್ಬಾರ್ದು. ಚಾ, ಪಾನಕಕ್ಕೆ ಸ್ಟೀಲ್ ಲೋಟ ಬಾಡಿಗೆಗೆ ಸಿಗ್ತದೆ, ಪಾತ್ರೆ ತೊಳೆಯೋಕೆ ಇಬ್ಬರಿಗೆ ಕೂಲಿ ಕೊಟ್ರೆ ಪೇಪರ್ ಕಪ್ಪಿನ ದುಡ್ಡಿಗೇ ಬಂದು ಕೂರ್ತದೆ. ಕಳೆದ ವರ್ಷ ನಮ್ಮನೆ ಉಪನಯನದಲ್ಲಿ ಮಾಡಿದ ಲೆಕ್ಕ ಇದು.

ಕಂಪೋಸ್ಟೆಬಲ್ ಕವರ್ ಅಂತ ಹಸಿರು ಕವರ್ ಬರ್ತದಲ್ಲ?

ಅಸಲಿ ಆದ್ರೆ ಐಎಸ್ 17088 ಅಂತ, ಅಂದ್ರೆ ಕಂಪೋಸ್ಟೆಬಲ್ ಪ್ಲಾಸ್ಟಿಕ್ಕಿಗೆ ಇರೋ ಭಾರತದ ಮಾನಕದ ನಂಬರ್, ಬರೆದಿರ್ಬೇಕು. ಅಸಲಿಯೂ ಬಿಸಿ ಹಿಡಿದಿಡೋ ದೊಡ್ಡ ಕಂಪೋಸ್ಟ್ ಘಟಕದಲ್ಲಿ ಕರಗೋ ಹಾಗೆ ಮಾಡಿದ್ದು, ಅಲ್ಲಿ 58 ಡಿಗ್ರಿ ಹತ್ರ ಇರ್ತದೆ. ಮನೆಯ ಗೊಬ್ಬರ ಗುಂಡಿಯಲ್ಲಿ ನಾವು ಒಂದು ಕವರ್ ಹಾಕಿ ನೋಡಿದ್ವಿ, ಒಂದು ವರ್ಷ ಕಳೆದ ಮೇಲೂ ಅದರ ಮೇಲಿನ ಅಕ್ಷರ ಓದಬಹುದಿತ್ತು.

ಬಾಕ್ಸನ್ನ ಬಚ್ಚಲು ಒಲೆಗೆ ಹಾಕಿದ್ರೆ ಆಯ್ತಲ್ಲ?

ನಮ್ಮ ಕಡೆಯವರ ಫಸ್ಟ್ ಪ್ರಶ್ನೆ ಇದು, ಬೆಂಗಳೂರಿನವರಿಗೆ ಸ್ನಾನದ ನೀರು ಕಾಯಿಸೋ ಈ ಬಚ್ಚಲು ಒಲೆಯೇ ಗೊತ್ತಿಲ್ಲ. ಸಾದಾ ಕಂದು ರಟ್ಟು, ಟೇಪು ಸ್ಟೇಪಲ್ ಪಿನ್ನು ಕಿತ್ತು ಹಾಕಿದ್ರೆ ಬೆಂಕಿ ಹಚ್ಚೋಕೆ ಅಡ್ಡಿಯಿಲ್ಲ. ಪಳಪಳ ಪೇಪರ್, ಬಣ್ಣದ ಡಬ್ಬಿ, ಹಾಲಿನ ಕವರ್, ಟೆಟ್ರಾ ಪ್ಯಾಕ್ ಇವೆಲ್ಲ ಒಟ್ಟಿಗೆ ತುರುಕಿ ಸುಡ್ತಾರಲ್ಲ, ಅದು ಬೇಡ. ಆ ಹೊಗೆ ಮೊದಲು ಮೂಗಿಗೆ ಹೋಗೋದು ಸ್ನಾನಕ್ಕೆ ಕೂತ ಮನೆಯವರಿಗೇ, ಆ ಬೂದಿಯನ್ನೇ ಆಮೇಲೆ ತೋಟಕ್ಕೆ, ಬಸಳೆ ಬುಡಕ್ಕೆ ಎರಚ್ತೇವೆ.

ರಟ್ಟು ನೆನೆಸಿ ಗಿಡದ ಬುಡಕ್ಕೆ ಹಾಸಿ ಮೇಲೆ ಸೊಪ್ಪು ಮುಚ್ಚಿದ್ರೆ ಕಳೆ ಬರಲ್ಲ ಅಂತ ಯೂಟ್ಯೂಬಲ್ಲಿ ಹೇಳ್ತಾರೆ, ನಿಜವೇ, ಆದ್ರೆ ನಮ್ಮ ಮಣ್ಣಲ್ಲಿ ಒರಲೆ (ಗೆದ್ದಲು) ಬೇಗ ಹಿಡೀತದೆ. ಮನೆ ಗೋಡೆ ಹತ್ರ, ಮರದ ಕಂಬದ ಹತ್ರ ಮಾಡ್ಲೇಬೇಡಿ.

ಒಂದು ಟನ್ ಪೇಪರ್ ಉಳಿಸಿದ್ರೆ 17 ಮರ ಉಳೀತದೆ ಅಂತಾರೆ, ನಮ್ಮ ಜಿಲ್ಲೆಯ ಕಾಡೂ ಪೇಪರಿಗೇ ಹೋಯ್ತಾ?

ಆ 17ರ ಲೆಕ್ಕ ಮರ ಎಷ್ಟು ದಪ್ಪ ಅನ್ನೋದ್ರ ಮೇಲೆ ಹೋಗ್ತದೆ, ಫಾರ್ವರ್ಡ್ ಮಾಡೋ ಮೊದಲು ಯಾವ ಮರ ಅಂತ ಕೇಳಿ. ದಾಂಡೇಲಿಯಲ್ಲಿ ಕಾಳಿ ದಂಡೆ ಮೇಲೆ ಪೇಪರ್ ಮಿಲ್ಲು ಬಂದದ್ದು 1950ರ ದಶಕದಲ್ಲಿ, ಆಗ ಕಚ್ಚಾ ಮಾಲು ಅಂದ್ರೆ ನಮ್ಮ ಜಿಲ್ಲೆಯ ಬಿದಿರು. ಬಿದಿರು ಯಾಕೆ ಕಮ್ಮಿ ಆಯ್ತು ಅಂತ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು 1970ರ ದಶಕದಲ್ಲಿ ಇಲ್ಲೇ ಓಡಾಡಿ ನೋಡಿದ್ರು. ಅವರು ಕಂಡದ್ದು ನನಗೆ ಇವತ್ತಿಗೂ ವಿಚಿತ್ರ ಅನ್ಸ್ತದೆ: ಕಡಿಯೋಕೆ ಸುಲಭ ಆಗ್ಲಿ ಅಂತ ಮಿಲ್ಲಿನ ಕೂಲಿಯವರು ಮೆಳೆಯ ಬುಡದ ಮುಳ್ಳು ಸವರಿಬಿಡ್ತಿದ್ರು, ಊರಿನವರು ಆ ಮುಳ್ಳು ಮುಟ್ತಿರ್ಲಿಲ್ಲ. ಮುಳ್ಳು ಹೋದ ಮೇಲೆ ಹೊಸ ಕಳಲೆ ದನ, ಕಾಡುಪ್ರಾಣಿ ಬಾಯಿಗೆ ಬಿತ್ತು, ಮೆಳೆ ಮತ್ತೆ ಏಳ್ಲಿಲ್ಲ. ಬುಟ್ಟಿ ಹೆಣೆಯುವವರಿಗೆ ಬಿದಿರಿಲ್ಲ, ಬುಟ್ಟಿ ಇಲ್ಲದ ಜಾಗಕ್ಕೆ ಪ್ಲಾಸ್ಟಿಕ್ ಬುಟ್ಟಿ ಬಂತು. ಪೇಪರಿಂದಲೇ ಪ್ಲಾಸ್ಟಿಕ್ ಬಂದ ಹಾಗಾಯ್ತು ನೋಡಿ.

ಈಗ ಮಿಲ್ಲುಗಳಿಗೆ ಹೆಚ್ಚು ಹೋಗೋದು ಅದಕ್ಕಂತಲೇ ಬೆಳೆಸಿದ ನೀಲಗಿರಿ, ಗಾಳಿಮರ, ಸುಬಾಬುಲ್, ಅಕೇಶಿಯಾ. ಹಾಗಾಗಿ ನೀವು ಒಂದು ಹಾಳೆ ಉಳಿಸಿದ್ರೆ ಕಾಡಿನ ಮತ್ತಿ ಮರ ಒಂದು ಉಳೀತದೆ ಅಂತಲ್ಲ, ಆ ನೆಡುತೋಪಿಗೆ ಹೋಗೋ ನೆಲ ನೀರಿನ ಲೆಕ್ಕ ಅದು.

ಪ್ಲಾಸ್ಟಿಕ್ ಬ್ಯಾನ್ ಆಗಿದೆಯಲ್ಲ, ಇನ್ನೂ ಕವರ್ ಯಾಕೆ ಸಿಗ್ತದೆ?

ನನ್ನ ಕೇಳ್ಬೇಡಿ. ಕರ್ನಾಟಕದಲ್ಲಿ ಕ್ಯಾರಿಬ್ಯಾಗ್, ಪ್ಲಾಸ್ಟಿಕ್ ಲೋಟ ತಟ್ಟೆ, ಫ್ಲೆಕ್ಸ್ ಬ್ಯಾನ್ ಆಗಿದ್ದು 2016ರ ಮಾರ್ಚಲ್ಲಿ, ದೇಶಕ್ಕೆಲ್ಲ ಒಂದೇ ಸಲ ಬಳಸೋ ಕೆಲವು ಪ್ಲಾಸ್ಟಿಕ್ ವಸ್ತುಗಳ ಪಟ್ಟಿ ಮಾಡಿ ಬ್ಯಾನ್ ಬಂದದ್ದು 2022ರ ಜುಲೈ 1ರಿಂದ. ಸ್ವೀಟ್ ಬಾಕ್ಸಿಗೆ ಸುತ್ತೋ ಪಾರದರ್ಶಕ ಫಿಲ್ಮೂ ಆ ಪಟ್ಟಿಯಲ್ಲಿದೆ, ತುಂಬಾ ಅಂಗಡಿಯವರಿಗೆ ಗೊತ್ತೇ ಇಲ್ಲ. ಬಟ್ಟೆ ಥರ ಕಾಣೋ ಬಣ್ಣದ ಚೀಲ ಬಟ್ಟೆ ಅಲ್ಲ, ಪಾಲಿಪ್ರೊಪಿಲೀನ್. ದಾರ ಎಳೆದು ನೋಡಿ, ದಾರವೇ ಇರಲ್ಲ.

ಬಿಲ್ಲು ಪೇಪರಲ್ಲಿ ಬೇಕು.

ಕೇಳಿದ್ರೆ ಹಾಕ್ತೇವೆ, ಮಗಳ ಹಳೇ ನೋಟ್‌ಬುಕ್ಕಿನ ಖಾಲಿ ಬದಿಯಲ್ಲಿ. ಹಿಂದೆ ತಿರುಗಿಸಿದ್ರೆ ಏಳನೇ ಕ್ಲಾಸಿನ ಗಣಿತ ಇರಬಹುದು, ತಪ್ಪಿದ್ರೆ ತಿದ್ದಿ ಫೋಟೋ ಕಳಿಸ್ಬೇಡಿ, ಅವಳಿಗೆ ಬೇಜಾರಾಗ್ತದೆ.

ಬೆಂಗಳೂರಲ್ಲಿದ್ದೇವೆ, ಬಾಕ್ಸು ಪೌಚು ಎಂತ ಮಾಡೋದು?

ಬಾಕ್ಸ್ ಚಪ್ಪಟೆ ಮಾಡಿ, ಒಣಗಿದ್ದು ಒಣಗಿದ ಹಾಗೇ ಒಣ ಕಸಕ್ಕೆ ಕೊಡಿ, ಹಸಿ ಕಸದ ನೀರು ತಾಗಿದ ರಟ್ಟು ಯಾರೂ ತಗೊಳ್ಳಲ್ಲ. ಪೌಚ್ ಕತ್ತರಿಸಿ, ಎಣ್ಣೆ ಹೋಗೋ ಹಾಗೆ ಬಿಸಿನೀರು ಸೋಪಲ್ಲಿ ತೊಳೆದು ಒಣಗಿಸಿ ಕೊಡಿ. ಅಥ್ವಾ ಹತ್ತಾರು ಪೌಚ್ ಕೂಡಿಟ್ಟು, ಊರಿಗೆ ಬರೋವಾಗ ತನ್ನಿ.

ಗಾಜಿನ ಬಾಟ್ಲಿ ವಾಪಸ್ ಎಲ್ಲಿ ಕೊಡೋದು?

ಬುಧವಾರ, ಶನಿವಾರ ಬೆಳಿಗ್ಗೆ ಭಾವ ಶಿರಸಿ ಪೇಟೆಗೆ ಬರ್ತಾರೆ, ಮೆಸೇಜ್ ಹಾಕಿದ್ರೆ ಎಲ್ಲಿ ಸಿಗ್ತಾರೆ ಹೇಳ್ತೇವೆ. ಮುಚ್ಚಳ ಬೇರೆ, ಬಾಟ್ಲಿ ಬೇರೆ ಮಾಡಿ ತನ್ನಿ, ಮುಚ್ಚಳ ಹಾಕಿ ಇಟ್ರೆ ಹಿಂಗಿನ ವಾಸನೆ ಒಳಗೇ ಕೂರ್ತದೆ. ಒಡೆದಿದ್ರೆ ತರ್ಬೇಡಿ.